ಸ್ವರಶಿಲ್ಪಿ ಬಿಲ್ಲಿ ಸ್ಟ್ರೇಹಾರ್ನ್

ಮುಂಬಯಿಯಲ್ಲಿ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಹಿಂದೀ ಚಲಚ್ಚಿತ್ರಗೀತೆಗಳ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಹಾಡಿದವರು ಯಾರು, ಸಂಗೀತ ನಿರ್ದೇಶಕರು ಯಾರು ಎಂದು ಕೇಳಿದರೆ ತರಗತಿಯ ಅರ್ಧದಷ್ಟು ಕೈಗಳು ಮೇಲೇಳುತ್ತವೆ. ಆದರೆ ಆ ಹಾಡಿನಲ್ಲಿ ಪಿಟೀಲುಗಳು ಯಾವ ಸ್ವರವನ್ನು ಹಿಡಿಯಬೇಕು, ಟ್ರಂಪೆಟ್ ಎಲ್ಲಿ ಸೇರಬೇಕು, ಯಾವ ವಾದ್ಯ ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಟ್ಟವರು ಯಾರು ಎಂದು ಕೇಳಿ ನೋಡಿ, ತರಗತಿ ಮೌನವಾಗುತ್ತದೆ. ಶಂಕರ್–ಜೈಕಿಶನ್ ಜೋಡಿಯ ಅನೇಕ ಹಾಡುಗಳಿಗೆ ಆ ಕೆಲಸವನ್ನು ಮಾಡಿದ ಗೋವೆಯ ಸೆಬಾಸ್ಟಿಯನ್ ಡಿಸೋಜರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಈ ವಿದ್ಯೆಗೆ ವಾದ್ಯಸಂಯೋಜನೆಯೆಂದು ಹೆಸರು. ಅದನ್ನು ಬಲ್ಲವರು ತೆರೆಯ ಹಿಂದೆ ನಿಂತು ದುಡಿಯುವವರು.

ಹಾಗೆ ತೆರೆಯ ಹಿಂದೆ ದುಡಿದವರಲ್ಲಿ ಬಹು ದೊಡ್ಡವರಾದ ಅಮೆರಿಕದ ಬಿಲ್ಲಿ ಸ್ಟ್ರೇಹಾರ್ನರ ಜೀವನವನ್ನು ಈ ವರ್ಷದ ಸಂಚಿಕೆಗಾಗಿ ಆರಿಸಿಕೊಂಡಿದ್ದೇನೆ. ಅವರು ದೂರದ ದೇಶದವರಾದರೂ ನಮಗೆ ಪೂರ್ತಿ ಅಪರಿಚಿತರಲ್ಲ. 1963ರಲ್ಲಿ ಅವರಿದ್ದ ವಾದ್ಯವೃಂದವು ನಮ್ಮ ದೇಶಕ್ಕೆ ಬಂದಿತ್ತು. ಈ ನಗರದಲ್ಲಿಯೂ ನುಡಿಸಿತ್ತು.

ಸ್ಟ್ರೇಹಾರ್ನರು ಹುಟ್ಟಿದ್ದು 1915ರ ನವೆಂಬರ್ 29ರಂದು, ಓಹಾಯೊ ಸಂಸ್ಥಾನದ ಡೇಟನ್ ಎಂಬ ಊರಿನಲ್ಲಿ. ತಂದೆ ಜೇಮ್ಸ್ ಕೂಲಿಯ ಕೆಲಸ ಮಾಡುತ್ತಿದ್ದವರು, ತಾಯಿ ಲಿಲಿಯನ್. ಕೆಲವು ವರ್ಷಗಳಲ್ಲಿ ಸಂಸಾರವು ಉಕ್ಕಿನ ಕಾರ್ಖಾನೆಗಳ ನಗರವಾದ ಪಿಟ್ಸ್‌ಬರ್ಗಿಗೆ ಬಂದು ನೆಲೆಸಿತು. ಕೈಗೆ ಬಂದ ಕೂಲಿ ಸಾಲದು. ತಂದೆಗೆ ಕುಡಿತದ ಚಟ ಬೇರೆ. ಮಗು ದುರ್ಬಲವಾಗಿತ್ತು. ಮನೆಯ ಕಲಹದಿಂದ ಮಗನನ್ನು ದೂರವಿಡಬೇಕೆಂದು ತಾಯಿಯು ಅವನನ್ನು ಆಗಾಗ ಉತ್ತರ ಕೆರೊಲಿನಾದ ಹಿಲ್ಸ್‌ಬರೊ ಎಂಬ ಚಿಕ್ಕ ಊರಿಗೆ, ಅಜ್ಜಿಯ ಮನೆಗೆ ಕಳುಹಿಸುತ್ತಿದ್ದಳು. ಅಜ್ಜಿಯ ಮನೆಯಲ್ಲಿ ಒಂದು ಪಿಯಾನೊ ಇತ್ತು. ಕೈಗೆ ಎಟುಕುವ ಮೊದಲೇ ಹುಡುಗನು ಅದರ ಮುಂದೆ ನಿಂತು ಒಂದೊಂದು ಮನೆಯನ್ನೂ ಒತ್ತಿ ನೋಡುತ್ತಿದ್ದನು. ಬಾಲ್ಯದ ಸುಖವೆಂದರೆ ಅವನಿಗೆ ಅಷ್ಟೇ.

ಪಿಟ್ಸ್‌ಬರ್ಗಿನ ಮನೆಯಲ್ಲಿ ಪಿಯಾನೊ ಇರಲಿಲ್ಲ. ಕೊಡಿಸುವ ಶಕ್ತಿ ತಂದೆಗಿರಲಿಲ್ಲ. ಹುಡುಗನು ಬೀದಿಯಲ್ಲಿ ಪತ್ರಿಕೆ ಮಾರಿದನು. ಬಳಿಕ ಒಂದು ಔಷಧದ ಅಂಗಡಿಯಲ್ಲಿ ಸೋಡ ಬೆರೆಸಿ ಕೊಡುವುದು, ಗಿರಾಕಿಗಳ ಮನೆಗೆ ಸಾಮಾನು ತಲುಪಿಸುವುದು ಮೊದಲಾದ ಕೆಲಸಗಳನ್ನು ಮಾಡಿ, ಕೂಡಿಟ್ಟ ಹಣದಿಂದ ಹಳೆಯ ಪಿಯಾನೊ ಒಂದನ್ನು ತಾನೇ ಕೊಂಡನು. ವೆಸ್ಟಿಂಗ್‌ಹೌಸ್ ಪ್ರೌಢಶಾಲೆಯ ವಾದ್ಯವೃಂದದೊಡನೆ ನಾರ್ವೆಯ ಗ್ರೀಗ್ ರಚಿಸಿದ ಪಿಯಾನೊ ಕನ್‌ಚೆರ್ಟೊವನ್ನು ನುಡಿಸುವಷ್ಟು ಪರಿಣತಿ ಅವನಿಗೆ ಬಂದಿತು. ಯುರೋಪಿನ ಶಾಸ್ತ್ರೀಯ ಸಂಗೀತದ ಪಿಯಾನೊ ವಾದಕನಾಗಬೇಕೆಂಬುದು ಅವನ ಹಂಬಲ. ಆದರೆ ಅವನು ಕಪ್ಪು ಜನಾಂಗದವನು. ಆ ಕಾಲದ ಅಮೆರಿಕದಲ್ಲಿ ಅಂಥ ಸಭೆಗಳ ಬಾಗಿಲು ಕಪ್ಪುಜನರಿಗೆ ತೆರೆಯುತ್ತಿರಲಿಲ್ಲ. ವಿದ್ಯೆ ಇದ್ದರೂ ಬಾಗಿಲು ಮುಚ್ಚಿರುವುದು ಎಂಥ ಸಂಕಟವೆಂಬುದನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಅವನ ಕಿವಿಗೆ ಬಿದ್ದದ್ದು ಆರ್ಟ್ ಟೇಟಮ್, ಟೆಡ್ಡಿ ವಿಲ್ಸನ್ ಮೊದಲಾದವರ ಜಾಝ್ ವಾದನದ ತಟ್ಟೆಗಳು. ತನಗೆ ಪ್ರಿಯವಾದ ಶಾಸ್ತ್ರೀಯ ಸಂಗೀತದ ಸ್ವರಸಂಪತ್ತು ಇಲ್ಲಿಯೂ ಇದೆಯೆಂದು ಅವನಿಗೆ ಹೊಳೆಯಿತು. ಔಷಧದ ಅಂಗಡಿಯ ದುಡಿಮೆಯ ನಡುವೆಯೇ ಹಾಡುಗಳನ್ನು ಕಟ್ಟತೊಡಗಿದನು. ಇಂದಿಗೂ ಗಾಯಕರು ಹಾಡಲು ಅಂಜುವ ‘ಲಷ್ ಲೈಫ್’ ಎಂಬ ಹಾಡು, ಇಪ್ಪತ್ತರ ಆಸುಪಾಸಿನ ಈ ಹುಡುಗನು 1933ರಿಂದ 1936ರ ನಡುವೆ ಕಟ್ಟಿದ್ದು.

1938ರ ಡಿಸೆಂಬರಿನಲ್ಲಿ ಜಾಝ್ ಲೋಕದ ಹೆಸರಾಂತ ನಾಯಕ ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದವು ಪಿಟ್ಸ್‌ಬರ್ಗಿನ ಸ್ಟ್ಯಾನ್ಲಿ ರಂಗಮಂದಿರಕ್ಕೆ ಬಂದಿತು. ಗೆಳೆಯರ ಪ್ರಯತ್ನದಿಂದ ಸ್ಟ್ರೇಹಾರ್ನರಿಗೆ ಎಲಿಂಗ್ಟನ್ನರ ಕೋಣೆಗೆ ಪ್ರವೇಶ ದೊರೆಯಿತು. ಇಪ್ಪತ್ತಮೂರರ ತರುಣರು ಪಿಯಾನೊದ ಮುಂದೆ ಕುಳಿತು, ಎಲಿಂಗ್ಟನ್ನರದೇ ಹಾಡೊಂದನ್ನು ಮೊದಲು ಎಲಿಂಗ್ಟನ್ನರು ನುಡಿಸುವಂತೆಯೇ ನುಡಿಸಿ ತೋರಿಸಿದರು. ಅನಂತರ ಅದೇ ಹಾಡನ್ನು ತಾವಾದರೆ ಹೇಗೆ ನುಡಿಸುವೆವೆಂದು ನುಡಿಸಿದರು. ರಾಗವು ಅದೇ, ಆದರೆ ಅದರ ಕೆಳಗೆ ನಿಂತ ಸ್ವರಗಳೆಲ್ಲ ಬೇರೆ. ಒರಗಿದ್ದ ಎಲಿಂಗ್ಟನ್ನರು ಎದ್ದು ಬಂದು ಪಿಯಾನೊದ ಪಕ್ಕದಲ್ಲಿ ನಿಂತರಂತೆ.

ಕೆಳಗೆ ನಿಂತ ಸ್ವರಗಳೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಸಂಗೀತದಲ್ಲಿ ಒಂದು ಸ್ವರದ ಬಳಿಕ ಇನ್ನೊಂದು ಸ್ವರ ಬರುತ್ತದೆ. ಶ್ರುತಿಯು ಅಚಲವಾಗಿ ಹಿಂದೆ ನಿಂತಿರುತ್ತದೆ. ನಮ್ಮೂರಿನ ಭಜನಮಂದಿರದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ಹಾಡುವವನ ಸ್ವರವನ್ನೇ ನೆರಳಿನಂತೆ ಹಿಂಬಾಲಿಸುತ್ತಿದ್ದರು. ಪಾಶ್ಚಾತ್ಯ ಸಂಗೀತದಲ್ಲಿಯಾದರೋ ರಾಗದ ಕೆಳಗೆ ಹಲವು ಸ್ವರಗಳು ಒಟ್ಟಾಗಿ ಮೊಳಗುತ್ತವೆ. ಇಂಥ ಸ್ವರಗಳ ಗೊಂಚಲಿಗೆ ಕಾರ್ಡ್ ಎಂದು ಹೆಸರು. ಷಡ್ಜ, ಅಂತರ ಗಾಂಧಾರ, ಪಂಚಮ, ಕಾಕಲಿ ನಿಷಾದ ಇವು ನಾಲ್ಕನ್ನೂ ಒಮ್ಮೆಗೇ ಒತ್ತಿದರೆ ಒಂದು ಕಾರ್ಡ್ ಆಯಿತು. ಆದರೆ ಈ ನಾಲ್ಕರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಯಾವ ವಾದ್ಯಕ್ಕೆ, ಯಾವುದನ್ನು ಬಿಟ್ಟುಬಿಡಬೇಕು ಎಂಬ ವಿವೇಚನೆಯೇ ನಿಜವಾದ ವಿದ್ಯೆ. ಜಾಝ್ ವಾದಕರು ಅದನ್ನು ವಾಯ್ಸಿಂಗ್ ಎನ್ನುತ್ತಾರೆ. ನಾಲ್ಕು ಸ್ವರಗಳನ್ನು ಒತ್ತಾಗಿ ಜೋಡಿಸಿದರೆ ಒಂದು ಬಣ್ಣ. ಮೇಲಿನಿಂದ ಎರಡನೆಯ ಸ್ವರವನ್ನು ತೆಗೆದು ಒಂದು ಸ್ಥಾಯಿ ಕೆಳಗಿಟ್ಟರೆ ಗೊಂಚಲು ಸಡಿಲಗೊಂಡು ಬೇರೆಯೇ ಬಣ್ಣ. ಸ್ವರಗಳು ಅವೇ, ಮನೆಯಲ್ಲಿ ಸಾಮಾನುಗಳನ್ನು ಇರಿಸಿದ ಕ್ರಮ ಮಾತ್ರ ಬೇರೆ.

1939ರ ಮೊದಲ ತಿಂಗಳುಗಳಲ್ಲಿ ಸ್ಟ್ರೇಹಾರ್ನರು ನ್ಯೂಯಾರ್ಕ್ ಸೀಮೆಗೆ ಹೋಗಿ ಎಲಿಂಗ್ಟನ್ನರನ್ನು ಸೇರಿಕೊಂಡರು. ಸಂಬಳ ಇಷ್ಟೆಂದು ಗೊತ್ತಾಗಲಿಲ್ಲ, ಕರಾರುಪತ್ರ ಆಗಲಿಲ್ಲ. ಎಲಿಂಗ್ಟನ್ನರು ಸ್ವಲ್ಪ ಕಾಲದಲ್ಲಿಯೇ ಅವರ ಕೈಗೆ ಎರಡು ಹಾಡುಗಳನ್ನಿತ್ತು, ಸ್ಯಾಕ್ಸಫೋನ್ ವಾದಕ ಜಾನಿ ಹಾಡ್ಜಸರ ಚಿಕ್ಕ ತಂಡಕ್ಕಾಗಿ ವಾದ್ಯಸಂಯೋಜನೆ ಮಾಡಲು ಹೇಳಿದರು. ಆ ವಾದಕರಿಗಾಗಿ ಬರೆದ ಅನುಭವ ತರುಣರಿಗೆ ಇರಲಿಲ್ಲ. ಆದರೂ ಬರೆದರು, ಬರೆದದ್ದು ಸೊಗಸಾಗಿ ಬಂದಿತು. ಅಲ್ಲಿಂದ ಮುಂದೆ ಚಿಕ್ಕ ತಂಡಗಳ ಕೆಲಸವೆಲ್ಲ ಹೆಚ್ಚಾಗಿ ಅವರ ಪಾಲಿಗೇ ಬಂದಿತು.

ಆ ವಸಂತದಲ್ಲಿ ಎಲಿಂಗ್ಟನ್ನರು ವಾದ್ಯವೃಂದದೊಡನೆ ಯುರೋಪಿಗೆ ಹೊರಟರು. ಸ್ಟ್ರೇಹಾರ್ನರು ಹಾರ್ಲೆಮಿನ ಅವರ ಮನೆಯಲ್ಲಿ, ಅವರ ಮಗ ಮರ್ಸರ್, ತಂಗಿ ರೂತ್ ಇವರೊಡನೆ ಉಳಿದರು. ಯಜಮಾನನಿಲ್ಲದ ಆ ದಿನಗಳೇ ಅವರ ಗುರುಕುಲವಾದವು. ಮನೆಯಲ್ಲಿದ್ದ ಎಲಿಂಗ್ಟನ್ನರ ಸ್ವರಲಿಪಿಯ ಹಾಳೆಗಳನ್ನು ತೆಗೆದು ಓದಿದರು. ಕಿವಿಗೆ ಕೇಳಿದ್ದ ಮಾಯೆಯೆಲ್ಲ ಈಗ ಕಣ್ಣಿಗೆ ಕಾಣತೊಡಗಿತು. 1930ರಲ್ಲಿ ಎಲಿಂಗ್ಟನ್ನರು ರಚಿಸಿದ್ದ ‘ಮೂಡ್ ಇಂಡಿಗೊ’ವನ್ನೇ ತೆಗೆದುಕೊಳ್ಳಿ. ಟ್ರಂಪೆಟ್, ಟ್ರೊಂಬೋನ್, ಕ್ಲಾರಿಯೊನೆಟ್ ಈ ಮೂರು ವಾದ್ಯಗಳಲ್ಲಿ ಎತ್ತರದ ಸ್ವರವು ಕ್ಲಾರಿಯೊನೆಟ್ಟಿಗೆ ಸಲ್ಲುವುದು ರೂಢಿ. ಎಲಿಂಗ್ಟನ್ನರು ಅದನ್ನು ಎಲ್ಲಕ್ಕಿಂತ ಕೆಳಗಿಳಿಸಿ, ಬಾಯಿಗೆ ಮುಚ್ಚಳವಿಟ್ಟು ದನಿ ತಗ್ಗಿಸಿದ ಟ್ರಂಪೆಟ್ ಮತ್ತು ಟ್ರೊಂಬೋನುಗಳನ್ನು ಮೇಲಿರಿಸಿದ್ದರು. ರೂಢಿಯನ್ನು ತಲೆಕೆಳಗು ಮಾಡಿದ್ದರಿಂದ ಯಾರೂ ಕೇಳರಿಯದ ನಾದವು ಹುಟ್ಟಿತ್ತು. ಎಲಿಂಗ್ಟನ್ನರು ವಾದ್ಯಕ್ಕಾಗಿ ಬರೆಯುತ್ತಿರಲಿಲ್ಲ, ಆ ವಾದ್ಯವನ್ನು ನುಡಿಸುವ ಮನುಷ್ಯನಿಗಾಗಿ ಬರೆಯುತ್ತಿದ್ದರು ಎಂಬುದು ಸ್ಟ್ರೇಹಾರ್ನರು ಕಲಿತ ಮೊದಲ ಪಾಠ.

ಎರಡನೆಯ ಪಾಠವನ್ನು ಅವರೇ ಕಟ್ಟಿಕೊಂಡರು. ಹಾಡ್ಜಸರ ಚಿಕ್ಕ ತಂಡದಲ್ಲಿ ಏಳು ಮಂದಿ: ಟ್ರಂಪೆಟ್, ಟ್ರೊಂಬೋನ್, ಆಲ್ಟೊ ಸ್ಯಾಕ್ಸಫೋನ್, ಬ್ಯಾರಿಟೋನ್ ಸ್ಯಾಕ್ಸಫೋನ್, ಪಿಯಾನೊ, ಬಾಸ್ ಮತ್ತು ಡ್ರಮ್. ಹಾಡ್ಜಸರು ಆಲ್ಟೊದಲ್ಲಿ ರಾಗವನ್ನು ನುಡಿಸುವಾಗ ಉಳಿದ ಊದುವ ವಾದ್ಯಗಳು ಮೂರೇ. ಹದಿನೈದು ಮಂದಿಯ ವೃಂದದಲ್ಲಿ ಒಂದು ಸ್ವರ ಅನಾವಶ್ಯಕವಾದರೂ ಗದ್ದಲದಲ್ಲಿ ಮುಚ್ಚಿಹೋದೀತು. ಮೂವರಲ್ಲಿ ಒಬ್ಬನ ಸ್ವರವು ವ್ಯರ್ಥವಾದರೆ ಮೂರನೆಯ ಒಂದು ಪಾಲು ವ್ಯರ್ಥವಾದಂತೆ. ಆದುದರಿಂದ ಲೆಕ್ಕ ಹಾಕಬೇಕು. ಕಾರ್ಡಿನ ಷಡ್ಜವನ್ನು ಬಾಸ್ ನುಡಿಸುತ್ತದೆ. ಇನ್ನೊಬ್ಬರು ಅದನ್ನು ಹೇಳಬೇಕಾಗಿಲ್ಲ. ಪಂಚಮವು ಷಡ್ಜದ ನಾದದೊಳಗೇ ಅಡಗಿರುತ್ತದೆ. ಬಿಟ್ಟರೂ ಕಿವಿಗೆ ಕೊರತೆಯೆನಿಸದು. ಆದರೆ ಗಾಂಧಾರವನ್ನು ಬಿಡುವಂತಿಲ್ಲ. ಅದು ಅಂತರವೋ ಸಾಧಾರಣವೋ ಎಂಬುದರ ಮೇಲೆ ಕಾರ್ಡಿನ ಮುಖಭಾವವೇ ನಿಂತಿದೆ. ನಿಷಾದವನ್ನೂ ಬಿಡುವಂತಿಲ್ಲ, ಮುಂದೆ ಎತ್ತ ಹೋಗಬೇಕೆಂಬ ಸೂಚನೆ ಅದರಲ್ಲಿದೆ. ಹೀಗೆ ಇಬ್ಬರಿಗೆ ಎರಡು ಸ್ವರ ಕೊಟ್ಟ ಮೇಲೆ ಮೂರನೆಯವನಿಗೆ ಸ್ವಾತಂತ್ರ್ಯ ದೊರೆಯುತ್ತದೆ. ಮೇಲಿನ ರಿಷಭವನ್ನೋ ಧೈವತವನ್ನೋ ಅವನಿಗೆ ಕೊಟ್ಟರೆ ಗೊಂಚಲಿಗೆ ಹೊಸ ಹೊಳಪು ಬರುತ್ತದೆ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ವಾದಕನು ಕುಪ್ಪಳಿಸಬಾರದು, ಹೆಜ್ಜೆಯಿಡಬೇಕು. ರಿಷಭದ ಮೇಲೆ ನಿಂತ ಕಾರ್ಡಿನಲ್ಲಿ ರಿ, ಮ, ಧ, ಸ ಇರುತ್ತವೆ. ಪಂಚಮದ ಮೇಲೆ ನಿಂತ ಕಾರ್ಡಿನಲ್ಲಿ ಪ, ನಿ, ರಿ, ಮ. ಷಡ್ಜದ ಕಾರ್ಡಿನಲ್ಲಿ ಸ, ಗ, ಪ, ನಿ. ಮೊದಲನೆಯದರಲ್ಲಿ ಮಧ್ಯಮ ಹಿಡಿದವನು ಎರಡನೆಯದಕ್ಕೆ ಬರುವಾಗ ಕದಲಬೇಕಾಗಿಲ್ಲ. ಷಡ್ಜ ಹಿಡಿದವನು ನಿಷಾದಕ್ಕೆ ಇಳಿದರೆ ಸಾಕು. ಮೂರನೆಯದಕ್ಕೆ ಬರುವಾಗ ನಿಷಾದದವನು ಅಲ್ಲಿಯೇ ನಿಲ್ಲುತ್ತಾನೆ. ಮಧ್ಯಮದವನು ಗಾಂಧಾರಕ್ಕೆ ಇಳಿಯುತ್ತಾನೆ. ನಮ್ಮ ಶಾಲೆಯ ಹಾರ್ಮೋನಿಯಂನಲ್ಲಿ ನೀವೇ ಇದನ್ನು ಒತ್ತಿ ನೋಡಬಹುದು. ಇಂಥ ನಡುವಿನ ಸ್ವರಗಳಿಗೆ ಬೇರೆಯವರು ಏನಾದರೊಂದು ತುಂಬಿಬಿಡುತ್ತಿದ್ದರು. ಸ್ಟ್ರೇಹಾರ್ನರಾದರೋ ನಡುವಿನವನ ಸಾಲನ್ನು ಪ್ರತ್ಯೇಕವಾಗಿ ನುಡಿಸಿದರೂ ಅದು ಹಾಡಿನಂತಿರುವ ಹಾಗೆ ಬರೆಯುತ್ತಿದ್ದರು. 1940ರಲ್ಲಿ ಹಾಡ್ಜಸರ ತಂಡ ನುಡಿಸಿದ ‘ಡೇ ಡ್ರೀಮ್’, 1941ರ ‘ಪ್ಯಾಶನ್ ಫ್ಲವರ್’ ಎರಡೂ ಅವರ ಈ ವಿದ್ಯೆಯ ಫಲಗಳು. ಏಳೇ ಜನರೆಂದು ಕೇಳಿದವರಿಗೆ ನಂಬಿಕೆ ಬಾರದು.

ಎಲಿಂಗ್ಟನ್ನರು ತಮ್ಮ ಮನೆಗೆ ಬರುವ ದಾರಿಯನ್ನು ತಿಳಿಸುತ್ತ, ನೆಲದಡಿಯ ‘ಎ’ ರೈಲನ್ನು ಹಿಡಿಯಲು ಹೇಳಿದ್ದರಂತೆ. ಅದನ್ನೇ ಹೆಸರಾಗಿಟ್ಟು ಸ್ಟ್ರೇಹಾರ್ನರು ‘ಟೇಕ್ ದಿ ಎ ಟ್ರೇನ್’ ರಚಿಸಿದರು. ಅದರ ಮೂರನೆಯ ಮಾತ್ರಾಗಣದಲ್ಲಿ ರಾಗವು ಥಟ್ಟನೆ ಒಂದು ಹೊರಗಿನ ಸ್ವರವನ್ನು ಹಿಡಿಯುತ್ತದೆ. ಹಾಡಿನ ಷಡ್ಜದಿಂದ ಎಣಿಸಿದರೆ ಅದು ಶುದ್ಧ ಧೈವತ. ಕೆಳಗಿರುವ ಕಾರ್ಡು ರಿಷಭದ ಮೇಲೆ ನಿಂತಿರುವುದರಿಂದ, ಅಲ್ಲಿಂದ ಎಣಿಸಿದರೆ ಪ್ರತಿಮಧ್ಯಮ. ಒಂದೇ ಸ್ವರಕ್ಕೆ ಎರಡು ಮನೆ. ಆ ಒಂದು ಸ್ವರದಿಂದಲೇ ಜನ ಆ ಹಾಡನ್ನು ಗುರುತಿಸುತ್ತಾರೆ. ಇದನ್ನು ಸ್ಟ್ರೇಹಾರ್ನರು ಸಾಮಾನ್ಯವೆಂದು ಬಗೆದು ಕಸಕ್ಕೆ ಎಸೆದಿದ್ದರೆಂದೂ ತಾವು ಹೆಕ್ಕಿ ತೆಗೆದೆವೆಂದೂ ಮರ್ಸರ್ ನೆನೆದುಕೊಂಡಿದ್ದಾರೆ.

1941ರ ಆರಂಭದಲ್ಲಿ ಒಂದು ಇಕ್ಕಟ್ಟು ಒದಗಿತು. ಗೀತಕಾರರ ಸಂಘಕ್ಕೂ ರೇಡಿಯೊ ಕೇಂದ್ರಗಳಿಗೂ ಗೌರವಧನದ ವಿಷಯದಲ್ಲಿ ಜಗಳ ಹತ್ತಿ, ಸಂಘದ ಸದಸ್ಯರ ಹಾಡುಗಳು ರೇಡಿಯೊದಲ್ಲಿ ನಿಂತುಹೋದವು. ಎಲಿಂಗ್ಟನ್ನರು ಸದಸ್ಯರು, ತಮ್ಮ ಹಾಡುಗಳನ್ನು ತಾವೇ ನುಡಿಸುವಂತಿರಲಿಲ್ಲ. ಸ್ಟ್ರೇಹಾರ್ನ್ ಮತ್ತು ಮರ್ಸರ್ ಸದಸ್ಯರಲ್ಲ. ಇಬ್ಬರೂ ಹಗಲಿರುಳು ಕುಳಿತು ವೃಂದಕ್ಕೆ ಹೊಸ ಹಾಡುಗಳನ್ನು ಬರೆದರು. ಫೆಬ್ರವರಿಯಲ್ಲಿ ಧ್ವನಿಮುದ್ರಣಗೊಂಡ ‘ಎ ಟ್ರೇನ್’ ಆ ವೃಂದದ ಮಂಗಳವಾದ್ಯದಂತಾಯಿತು. ಲೋಕವು ಅದನ್ನು ಕೇಳಿದಾಗಲೆಲ್ಲ ನೆನೆದದ್ದು ಮಾತ್ರ ಎಲಿಂಗ್ಟನ್ನರನ್ನು.

ಇಲ್ಲಿ ಈ ಜೀವನದ ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ಇಪ್ಪತ್ತೆಂಟು ವರ್ಷಗಳ ಈ ಸಹಯೋಗದಲ್ಲಿ ಯಾವುದು ಯಾರದೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಸ್ಟ್ರೇಹಾರ್ನರು ಬರೆದ ಎಷ್ಟೋ ಕೃತಿಗಳ ಮೇಲೆ ಅವರ ಹೆಸರು ಇರಲಿಲ್ಲ, ಇದ್ದರೆ ಎರಡನೆಯದಾಗಿ ಇತ್ತು. ಎಲಿಂಗ್ಟನ್ನರು ಅವರ ಬಾಡಿಗೆ, ಬಟ್ಟೆ, ಊಟಗಳ ವೆಚ್ಚವನ್ನೆಲ್ಲ ಉದಾರವಾಗಿ ಭರಿಸಿದರು, ಮಗನಂತೆ ಪ್ರೀತಿಸಿದರು; ಆದರೆ ಹೆಸರಿನ ವಿಷಯದಲ್ಲಿ ಆ ಔದಾರ್ಯ ಕಾಣಲಿಲ್ಲ. ಸ್ಟ್ರೇಹಾರ್ನರು ಪುರುಷರನ್ನು ಪ್ರೀತಿಸುವ ಸ್ವಭಾವದವರಾಗಿದ್ದರು. ಅದನ್ನು ಮರೆಮಾಚಿ ಬಾಳಲು ಅವರು ಒಪ್ಪಲಿಲ್ಲ. ಆ ಕಾಲದ ಸಮಾಜವು ಅಂಥವರನ್ನು ವೇದಿಕೆಯ ಬೆಳಕಿನಲ್ಲಿ ನೆಮ್ಮದಿಯಾಗಿ ನಿಲ್ಲಗೊಡುತ್ತಿರಲಿಲ್ಲ. ಹಿನ್ನೆಲೆಯಲ್ಲಿದ್ದರೆ ತಾವಿದ್ದಂತೆ ಇರಬಹುದು ಎಂಬುದೂ ಅವರು ಹಿಂದೆ ಉಳಿಯಲು ಒಂದು ಕಾರಣವೆಂದು ಅವರನ್ನು ಬಲ್ಲವರು ಹೇಳಿದ್ದಾರೆ. ಹಾಗೆಂದು ಅವರಿಗೆ ನೋವಾಗಲಿಲ್ಲವೆಂದು ತಿಳಿಯಬಾರದು. 1950ರ ದಶಕದ ಮೊದಲಲ್ಲಿ ಅವರು ಎಲಿಂಗ್ಟನ್ನರಿಂದ ಕೆಲಕಾಲ ದೂರ ಸರಿದರು. 1956ರಲ್ಲಿ ಮರಳಿದ ಮೇಲೆ ಇಬ್ಬರ ಹೆಸರೂ ಜೊತೆಯಾಗಿ ಬರತೊಡಗಿತು. 1957ರಲ್ಲಿ ಷೇಕ್ಸ್‌ಪಿಯರನ ಪಾತ್ರಗಳನ್ನು ಕುರಿತು ಇಬ್ಬರೂ ಕೂಡಿ ರಚಿಸಿದ ‘ಸಚ್ ಸ್ವೀಟ್ ಥಂಡರ್’ ಅಂಥದು.

ತಮ್ಮ ಹೆಸರಿಗಾಗಿ ಬೀದಿಗಿಳಿಯದ ಈ ಮನುಷ್ಯರು ತಮ್ಮ ಜನರ ಹಕ್ಕಿಗಾಗಿ ಬೀದಿಗಿಳಿದರು. ಡಾ. ಮಾರ್ಟಿನ್ ಲೂಥರ್ ಕಿಂಗರ ಸ್ನೇಹ ಅವರಿಗಿತ್ತು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ನಡೆದ ಮಹಾಮೆರವಣಿಗೆಯಲ್ಲಿ ಅವರೂ ಇದ್ದರು.

ಅದಾದ ಕೆಲವೇ ದಿನಗಳಲ್ಲಿ ಎಲಿಂಗ್ಟನ್ನರ ವೃಂದವು ಅಮೆರಿಕ ಸರಕಾರದ ಪರವಾಗಿ ಏಷ್ಯದ ಪ್ರವಾಸಕ್ಕೆ ಹೊರಟಿತು. ದಿಲ್ಲಿ, ಕಲಕತ್ತೆ, ಮದರಾಸು, ಮುಂಬಯಿಗಳಲ್ಲಿ ಕಾರ್ಯಕ್ರಮಗಳಾದವು. ದಿಲ್ಲಿಯಲ್ಲಿ ಸ್ಟ್ರೇಹಾರ್ನರ ಕೋಣೆಯ ಬಳಿ ಒಂದು ಗೊರವಂಕ ಹಕ್ಕಿ ಕೂಗುತ್ತಿತ್ತು. ನಾವು ದಿನವೂ ಕೇಳಿ ಕೇಳದಂತಿರುವ ಆ ಕೂಗನ್ನು ಅವರು ಮನಸ್ಸಿನಲ್ಲಿಟ್ಟುಕೊಂಡು ಹೋದರು. ‘ಫಾರ್ ಈಸ್ಟ್ ಸ್ವೀಟ್’ ಎಂಬ ಕೃತಿಮಾಲೆಯಲ್ಲಿ ಕ್ಲಾರಿಯೊನೆಟ್ ವಾದಕ ಜಿಮ್ಮಿ ಹ್ಯಾಮಿಲ್ಟನ್ನರು ಅದನ್ನು ನುಡಿಸಿದ್ದಾರೆ. ಆ ಮಾಲೆ 1966ರ ಡಿಸೆಂಬರಿನಲ್ಲಿ ಧ್ವನಿಮುದ್ರಣಗೊಂಡಿತು.

ಅಷ್ಟರಲ್ಲಿ ರೋಗವು ಅವರನ್ನು ಹಿಡಿದಿತ್ತು. 1964ರಲ್ಲಿ ಅನ್ನನಾಳದ ಕ್ಯಾನ್ಸರ್ ಪತ್ತೆಯಾಯಿತು. 1965ರಲ್ಲಿ ನ್ಯೂಯಾರ್ಕಿನ ನ್ಯೂ ಸ್ಕೂಲಿನಲ್ಲಿ ಅವರದೇ ಹೆಸರಿನಲ್ಲಿ ಒಂದು ಸಂಗೀತಸಭೆ ನಡೆಯಿತು. ಜೀವಮಾನವೆಲ್ಲ ಇನ್ನೊಬ್ಬರ ವೇದಿಕೆಗೆ ಬರೆದವರು ಅಂದು ತಾವೇ ವೇದಿಕೆಯ ನಡುವೆ ಕುಳಿತರು. ಆಸ್ಪತ್ರೆಯ ಹಾಸಿಗೆಯಿಂದಲೂ ಸ್ವರ ಬರೆಯುವುದನ್ನು ಬಿಡಲಿಲ್ಲ; ಕಡೆಯದಾಗಿ ಬರೆದು ಕಳುಹಿಸಿದ ಕೃತಿಗೆ ‘ಬ್ಲಡ್ ಕೌಂಟ್’ ಎಂದು ಹೆಸರಿಟ್ಟರು. ತಮ್ಮ ರಕ್ತಪರೀಕ್ಷೆಯ ಲೆಕ್ಕವೇ ಅವರಿಗೆ ಹಾಡಿನ ಹೆಸರಾಯಿತು. 1967ರ ಮೇ 31ರಂದು, ಐವತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಆ ವರ್ಷವೇ ಎಲಿಂಗ್ಟನ್ನರು ಗೆಳೆಯನ ಕೃತಿಗಳನ್ನು ನುಡಿಸಿ ಒಂದು ಸ್ಮರಣೆಯ ತಟ್ಟೆಗಾಗಿ ಧ್ವನಿಮುದ್ರಣ ಮಾಡಿದರು. ‘ಬ್ಲಡ್ ಕೌಂಟ್’ ನುಡಿಸಿದವರು ಜಾನಿ ಹಾಡ್ಜಸರೇ. ಯಾರ ಚಿಕ್ಕ ತಂಡಕ್ಕಾಗಿ ತರುಣ ಸ್ಟ್ರೇಹಾರ್ನರು ಮೊದಲು ಲೇಖನಿ ಹಿಡಿದಿದ್ದರೋ ಅವರು. ಒಂದು ದಿನ ಕೆಲಸ ಮುಗಿದು ವಾದಕರು ವಾದ್ಯಗಳನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದಾಗ, ಎಲಿಂಗ್ಟನ್ನರು ಒಬ್ಬರೇ ಪಿಯಾನೊದಲ್ಲಿ ಸ್ಟ್ರೇಹಾರ್ನರ ‘ಲೋಟಸ್ ಬ್ಲಾಸಮ್’ ನುಡಿಸತೊಡಗಿದರು. ಯಂತ್ರ ಇನ್ನೂ ನಡೆಯುತ್ತಿತ್ತು. ಜನ ಓಡಾಡುವ, ಮಾತಾಡುವ ಸದ್ದು ಹಿಂದೆ ಕೇಳಿಸುತ್ತದೆ; ಅದರ ನಡುವೆ ಮುದುಕರೊಬ್ಬರ ಮನಸ್ಸು ಕೇಳಿಸುತ್ತದೆ.

ಸ್ಟ್ರೇಹಾರ್ನರಿಗೆ ನ್ಯಾಯ ದೊರಕಿಸಿದ್ದು ಅವರ ಕೈಬರಹ. ಎಲಿಂಗ್ಟನ್ನರ ಸ್ವರಲಿಪಿಯ ಹಾಳೆಗಳು 1988ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯನ್ನು ಸೇರಿದವು. ಸ್ಟ್ರೇಹಾರ್ನರ ಹಾಳೆಗಳು ಅವರ ಬಂಧುಗಳ ಬಳಿ ಉಳಿದಿದ್ದವು. ವಿದ್ವಾಂಸರು ಎರಡನ್ನೂ ಹೋಲಿಸಿ, ಅಕ್ಷರದ ಆಕಾರವನ್ನೂ ಸ್ವರಗಳ ಜೋಡಣೆಯ ಕ್ರಮವನ್ನೂ ನೋಡಿ, ಯಾವುದು ಯಾರದೆಂದು ಬಿಡಿಸಿದರು. ನಡುವಿನ ಸ್ವರಗಳನ್ನು ಬರೆದ ಬಗೆಯೇ ಸಾಕ್ಷಿ ಹೇಳಿತು.

ಪ್ರಿಯ ವಿದ್ಯಾರ್ಥಿಗಳೆ, ಈ ಜೀವನದಿಂದ ಹೆಸರಿನ ಆಸೆಯಿಲ್ಲದೆ ದುಡಿಯಬೇಕೆಂಬ ನೀತಿಯನ್ನು ಹೇಳಿ ಮುಗಿಸುವುದು ನನಗೆ ಸುಲಭ. ಆದರೆ ಅದು ಅರ್ಧ ಸತ್ಯ. ಹಿಂದೆ ನಿಂತು ದುಡಿಯುವುದು ಅವರ ದೊಡ್ಡತನ; ಅವರ ಹೆಸರನ್ನು ಬರೆಯದೆ ಬಿಟ್ಟದ್ದು ಮುಂದೆ ನಿಂತವರ ಸಣ್ಣತನ. ಒಂದನ್ನು ಹೊಗಳುವ ಭರದಲ್ಲಿ ಇನ್ನೊಂದನ್ನು ಕ್ಷಮಿಸಿಬಿಡಬಾರದು. ಮುಂದಿನ ವಾರ್ಷಿಕೋತ್ಸವಕ್ಕೆ ನಾಟಕದ ಕರಪತ್ರವನ್ನು ನೀವೇ ಸಿದ್ಧಪಡಿಸುವಿರಿ. ಅಚ್ಚಿಗೆ ಕೊಡುವ ಮೊದಲು ಇನ್ನೊಮ್ಮೆ ಓದಿ ನೋಡಿ. ತೆರೆ ಎಳೆದವನ, ಹಾರ್ಮೋನಿಯಂ ಹಿಡಿದವಳ, ಮರೆತ ಮಾತನ್ನು ಮರೆಯಿಂದ ಹೇಳಿಕೊಟ್ಟವನ ಹೆಸರು ಅದರಲ್ಲಿ ಇಲ್ಲದಿದ್ದರೆ, ನಿಮ್ಮ ಕೈಯಿಂದಲೇ ಬರೆದು ಸೇರಿಸಿ.